ಗ್ರೀಸಕ್ಕನ ಬಿಳಿ ಬಸಿ

ಗ್ರೀಸಕ್ಕನ ಚೀಲಕ್ಕೆ ಕೈ ಹಾಕಿದರೆ ಸ್ಪ್ಯಾನರಿಗಿಂತ ಮೊದಲು ಸಿಗುವುದು ಒಂದು ಬಿಳಿ ಪಿಂಗಾಣಿ ಬಸಿ. ಅತ್ತಿಗೆಯ ಅಡುಗೆಮನೆಯಿಂದ ಹೇಳದೆ ಕೇಳದೆ ಎತ್ತಿಕೊಂಡು ಬಂದದ್ದು. ಅತ್ತಿಗೆ ಇಂದಿಗೂ ನೆಂಟರಿಗೆ ಕಾಫಿ ಕೊಡುವಾಗ ಐದು ಬಸಿ ಜೋಡಿಸಿ, ಆರನೆಯದಕ್ಕೆ ನಾದಿನಿಯ ಮುಖ ನೋಡುತ್ತಾಳೆ.

ಮಣ್ಣು ಅಗೆಯುವ ಎಕ್ಸ್‌ಕವೇಟರುಗಳ ತಪಾಸಣೆ ಗ್ರೀಸಕ್ಕನ ಕೆಲಸ. ಅದರಲ್ಲೂ ಸೊಂಟ ನೋಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಕ್ಯಾಬಿನ್ನು, ಎಂಜಿನ್ನು, ಉದ್ದನೆಯ ತೋಳು ಸಮೇತ ಯಂತ್ರದ ಇಡೀ ಮೇಲ್ಭಾಗ ತಿರುಗುವುದು ಗಾಡಿಚಕ್ರದಷ್ಟು ದೊಡ್ಡ ಒಂದು ಬೇರಿಂಗಿನ ಮೇಲೆ. ಪುಸ್ತಕದಲ್ಲಿ ಅದು ಸ್ಲೂ ಬೇರಿಂಗ್, ರಿಪೇರಿ ಶೆಡ್ಡಿನವರ ಬಾಯಲ್ಲಿ ಸೊಂಟ. ಅದು ಸವೆದಿದೆಯೋ, ಒಳಗೆ ಏಟು ಬಿದ್ದಿದೆಯೋ ಎಂದು ಬಿಚ್ಚದೆ ಹೇಳಬೇಕು. ಗ್ರೀಸಕ್ಕ ಸೀಲಿನ ಸಂದಿಯಿಂದ ಒಸರಿದ ಗ್ರೀಸನ್ನು ಬಸಿಗೆ ಸವರಿ, ಬಿಸಿಲಿಗೆ ಹಿಡಿದು, ಅಡಿಯಲ್ಲಿ ಅಯಸ್ಕಾಂತ ಆಡಿಸುತ್ತಾಳೆ. ಉಕ್ಕಿನ ಪುಡಿ ಇದ್ದರೆ ಗ್ರೀಸಿನಲ್ಲಿ ಮುಳ್ಳು ಎದ್ದು ನಿಲ್ಲುತ್ತದೆ.

ಅವಳನ್ನು ಈ ಕೆಲಸಕ್ಕೆ ಸೇರಿಸಿದವನು ಅವಳ ಸ್ವಂತ ಅಣ್ಣ. ಹೆಂಗಸಿಗೆ ಯಾಕಪ್ಪಾ ಈ ಜಿಡ್ಡಿನ ಕೆಲಸ ಎಂದು ರಾಗ ಎಳೆದವರಿಗೆ, "ಅವಳಿಗಿರೋ ಕಣ್ಣು ನಿಮಗಿದ್ರೆ ನಿಮ್ಮನ್ನೇ ಸೇರಿಸ್ತಿದ್ದೆ" ಎಂದು ಬಾಯಿ ಮುಚ್ಚಿಸಿದ್ದ. ಆ ಮಾತನ್ನು ಅವಳು ಒಂದು ದಿನವೂ ಮರೆತಿಲ್ಲ.

ಅಣ್ಣ ಆಪರೇಟರು. ಹದಿನೇಳು ವರ್ಷದಿಂದ ಒಂದೇ ಯಂತ್ರ, ಒಂದೇ ಸೀಟು. ಆ ರಾಕ್ಷಸ ಬಕೆಟ್ಟಿನಿಂದ ನೆಲದ ಮೇಲಿನ ನೀರಿನ ಚೊಂಬನ್ನು ತುಳುಕಿಸದೆ ಸರಿಸಬಲ್ಲ. ಆದರೆ ಗ್ರೀಸು ಹೊಡೆಯುವುದು ಎಂದರೆ ಮಾತ್ರ ಮಹಾ ಮೈಗಳ್ಳ. ಬೇರೆಯವರು ಊಟ ಆಯ್ತಾ ಎಂದು ಕೇಳಿದರೆ ಗ್ರೀಸಕ್ಕ ಅಣ್ಣನನ್ನು ಕೇಳುವುದು "ಗ್ರೀಸ್ ಹೊಡೆದ್ಯಾ?" ಎಂದು. ಅವನ ಉತ್ತರವೂ ಹದಿನೇಳು ವರ್ಷದಿಂದ ಒಂದೇ: "ನಾಳೆ."

ಆ ವರ್ಷದ ತಪಾಸಣೆಗೆ ಅವಳು ಹೋದಾಗ ಯಂತ್ರ ಪೈಪು ಹೂಳುವ ಉದ್ದನೆಯ ಗುಂಡಿಯ ಪಕ್ಕದಲ್ಲಿ ನಿಂತಿತ್ತು. ಸೊಂಟ ಹೋಗಿದ್ದರೆ ಹೊಸದು ಹಾಕಿಸುವುದಿಲ್ಲ, ಯಂತ್ರ ಗುಜರಿಗೆ ಎಂದು ಮ್ಯಾನೇಜರು ಮೊದಲೇ ಹೇಳಿದ್ದ. ಹೊಸ ಯಂತ್ರಗಳಿಗೆ ಹೊಸಬರಿದ್ದರು. ನಿವೃತ್ತಿಗೆ ಇನ್ನೂ ಎರಡು ವರ್ಷವಿದ್ದ ಅಣ್ಣನಿಗೆ ಸಿಗುವುದು ಗೇಟಿನ ಪಕ್ಕದ ಕುರ್ಚಿ, ಲಾರಿ ನಂಬರು ಬರೆಯುವ ಕೆಲಸ. ಇದು ಅಣ್ಣನಿಗೂ ಗೊತ್ತು, ತಂಗಿಗೂ ಗೊತ್ತು.

ಅಣ್ಣ ತಾನೇ ಚಹಾ ತಂದುಕೊಟ್ಟ. ಅವಳ ಚೀಲವನ್ನೂ ಹೊತ್ತು ತಂದ.

"ಏನಣ್ಣ, ಇವತ್ತು ಇಷ್ಟೊಂದು ಉಪಚಾರ?"

"ಯಾಕೆ, ತಂಗಿಗೆ ಮಾಡಬಾರದಾ?"

ಅವಳು ನಗುತ್ತ ಯಂತ್ರದ ಅಡಿಗೆ ತೂರಿ, ಬೆರಳಲ್ಲಿ ಗ್ರೀಸು ತೆಗೆದು ಬಸಿಗೆ ಸವರಿದಳು. ಅಯಸ್ಕಾಂತ ಆಡಿಸಿದಳು. ಒಂದೇ ಒಂದು ಮುಳ್ಳೂ ಏಳಲಿಲ್ಲ. ಗ್ರೀಸು ಹಳದಿಯಾಗಿ, ಆಗ ತಾನೇ ಡಬ್ಬಿಯಿಂದ ತೆಗೆದಂತೆ ಹೊಳೆಯುತ್ತಿತ್ತು. ಅವಳು ಇನ್ನೊಮ್ಮೆ ಅಯಸ್ಕಾಂತ ಆಡಿಸಿ ನೋಡಿದಳು. ಇಷ್ಟು ವರ್ಷ ಬಾಯಿ ಬಡಿದುಕೊಂಡರೂ ಕಿವಿಗೆ ಹಾಕಿಕೊಳ್ಳದವನು ಇವತ್ತು ಗ್ರೀಸು ಹೊಡೆದಿದ್ದ, ಅದೂ ಹಳೆಯದೆಲ್ಲ ಉಕ್ಕಿನ ಪುಡಿ ಸಮೇತ ತೊಳೆದು ಹೋಗುವಷ್ಟು.

ಅಡಿಯಿಂದ ಹೊರಬಂದು, ಏನೂ ಆಗದವಳಂತೆ ಸೊಂಟದ ಮುಂಭಾಗದ ಸಂದಿಗೆ ಅಳತೆಯ ಡಯಲ್ ಗೇಜ್ ಕೂರಿಸಿ, ಅದರ ಮುಳ್ಳನ್ನು ಸೊನ್ನೆಗೆ ತಂದು ಕೈಸನ್ನೆ ಮಾಡಿದಳು. ಕ್ಯಾಬಿನ್ನಿನಲ್ಲಿ ಕೂತ ಅಣ್ಣ ಬಕೆಟ್ಟನ್ನು ನೆಲಕ್ಕೆ ಒತ್ತಿ ಯಂತ್ರದ ಮೂತಿ ಎತ್ತಬೇಕು. ಆಗ ಸಂದಿ ಎಷ್ಟು ಬಿಚ್ಚುತ್ತದೋ ಅಷ್ಟು ಸವೆತ. ಎರಡು ಮಿಲಿಮೀಟರಿನವರೆಗೆ ಪಾಸು. ಅವನು ಹಸುಗೂಸಿನ ಬೆನ್ನು ತಟ್ಟಿದ ಹಾಗೆ ಒತ್ತಿದ. ಒಂದೂಮುಕ್ಕಾಲು.

"ಅಣ್ಣಾ, ನೆಟ್ಟಗೆ ಒತ್ತು."

"ಒತ್ತಿದ್ನಲ್ಲ!"

"ಚೊಂಬು ಸರಿಸೋ ಕೈ ನನಗೆ ಗೊತ್ತು. ಒತ್ತು."

ಯಂತ್ರದ ಮೂತಿ ಎದ್ದಿತು. ಎರಡೂವರೆ.

ಮೂತಿ ಇಳಿಸಿದ ಮೇಲೆ ಅವಳು ಒಂದು ಸುತ್ತು ಬಲಕ್ಕೆ ನಿಧಾನವಾಗಿ ತಿರುಗಿಸಲು ಹೇಳಿ, ಕೆಳಗಿನ ಚೌಕಟ್ಟಿಗೆ ಅಂಗೈ ಇಟ್ಟಳು. ಕಾಲು ಸುತ್ತಿನ ಹತ್ತಿರ 'ಟಕ್' ಎಂದು ಏಟು ಅಂಗೈಗೆ ಬಂತು. ಹೋದ ವಾರ ಪೈಪಿನವನೊಬ್ಬ, "ನಿಮ್ಮಣ್ಣ ಈಗೀಗ ಬಲಗಡೆ ಇರೋ ಲಾರಿಗೆ ಎಡಗಡೆಯಿಂದ ಊರೆಲ್ಲ ಸುತ್ತಿ ಮಣ್ಣು ಹಾಕ್ತಾರೆ" ಎಂದು ತಮಾಷೆ ಮಾಡಿದ್ದ. ಅವಳೂ ನಕ್ಕಿದ್ದಳು. ಈಗ ಅವಳಿಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು.

ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಬಾಗಿಲ ಬಳಿ ನಿಂತಳು. ಗುಂಡಿಯೊಳಗೆ ನಾಲ್ವರು ಪೈಪಿಗೆ ಒರಗಿ ಕೂತು ಬುತ್ತಿ ಬಿಚ್ಚುತ್ತಿದ್ದರು.

"ಎಷ್ಟು ದಿನದಿಂದ ಶಬ್ದ?"

"ಎರಡು ತಿಂಗಳು," ಎಂದ ಅಣ್ಣ. "ನೀನು ಪಾಸು ಮಾಡು. ಎರಡೇ ವರ್ಷ ಕಣೇ. ಹುಷಾರಾಗಿ ಓಡಿಸ್ತೀನಿ."

"ಆಯ್ತು. ಆ ಗುಂಡೀಲಿ ನಾನು ಇಳಿದು ನಿಂತ್ಕೋತೀನಿ. ಬಕೆಟ್ ತುಂಬ್ಕೊಂಡು ನನ್ನ ತಲೆ ಮೇಲೆ ಬಲಕ್ಕೆ ತಿರುಗಿಸು."

ಅಣ್ಣ ಲಿವರಿನ ಮೇಲೆ ಕೈಯಿಟ್ಟು ಅವಳನ್ನೇ ನೋಡಿದ. ಚಿಕ್ಕಂದಿನಲ್ಲಿ ಅವಳು ಹಟ ಹಿಡಿದಾಗ ನೋಡುತ್ತಿದ್ದ ಹಾಗೆಯೇ. ಆಮೇಲೆ ಬಕೆಟ್ಟನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿ, ಎಂಜಿನ್ನು ಆರಿಸಿ, ಕೀಲಿ ತೆಗೆದು ಅವಳ ಕೈಗೆ ಹಾಕಿದ.

"ಹೆಂಗೆ ಗೊತ್ತಾಯ್ತು?"

"ಗ್ರೀಸ್ ಹೊಡೆದಿದ್ಯಲ್ಲ, ಅದಕ್ಕೆ."

ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣು ಒರೆಸಿಕೊಂಡ. "ಶಬ್ದ ಇದೆ ಅಂತ ನಾನೇ ಹೇಳಿದೆ ಅಂತ ಬರಿ," ಎಂದ. ಅವಳು ವರದಿಯಲ್ಲಿ ಹಾಗೇ ಬರೆದಳು. ಈ ಕಣ್ಣಿಗಾಗಿಯೇ ಅಲ್ಲವೇ ಅಣ್ಣ ತನ್ನನ್ನು ಕೆಲಸಕ್ಕೆ ತಂದದ್ದು, ಅದನ್ನು ಅವನಿಗಾಗಿ ಹೇಗೆ ಮುಚ್ಚಿಕೊಳ್ಳಲಿ ಎಂದುಕೊಂಡಳು.

ಯಂತ್ರ ಓಡಿಸಬಾರದು ಎಂಬ ಕೆಂಪು ಚೀಟಿ ಕಟ್ಟಿ ತಿರುಗಿದಾಗ ಅಣ್ಣ ಪಕ್ಕದಲ್ಲಿರಲಿಲ್ಲ. ಶೆಡ್ಡಿನ ಕಡೆಯಿಂದ ಗ್ರೀಸ್ ಗನ್ ಹಿಡಿದು ಬರುತ್ತಿದ್ದ. ಬಂದವನೇ ತೋಳಿನ ಬುಡದಲ್ಲಿ ಗ್ರೀಸು ತುಂಬುವ ನಿಪ್ಪಲ್ಲಿಗೆ ಗನ್ನಿನ ಮೂತಿ ಸಿಕ್ಕಿಸಿದ. ಅದೂ ಇನ್ನು ಅಲುಗಾಡದ ಯಂತ್ರಕ್ಕೆ. ಅವಳು ಚೀಲ ಕೆಳಗಿಟ್ಟು ಹತ್ತಿರ ಹೋದಳು.

"ಇದಕ್ಕೆ ಎಷ್ಟು ಸಲ ಒತ್ತಬೇಕು?" ಎಂದು ಕೇಳಿದ. ಹದಿನೇಳು ವರ್ಷದಲ್ಲಿ ಅವನು ಅದನ್ನು ಕೇಳಿದ್ದು ಅದೇ ಮೊದಲು.

"ಹೊಸ ಗ್ರೀಸ್ ಆಚೆ ಕಾಣೋವರೆಗೂ," ಎಂದಳು. ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು, ಎರಡು, ಮೂರು ಎಂದು ಎಣಿಸತೊಡಗಿದಳು.