ಓದಿ ಹೇಳಲಾಯಿತು

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಅರಕಲಗೂಡಿನ ಆ ಮಹಿಳಾ ಸಂಘದ ಹಜಾರ. ಬಾಗಿಲಿನ ಒಳಗೆ, ಎಡಗಡೆ, ನೀಲಿ ನೀರಿನ ಡ್ರಮ್ಮಿನ ಪಕ್ಕ. ಮೊದಲ ಲಾಕ್‌ಡೌನಿಗೆ ಹಿಂದಿನ ವರ್ಷದ ಶ್ರಾವಣ, ಬುಧವಾರ, ಮಧ್ಯಾಹ್ನ ಮೂರೂವರೆ ದಾಟಿತ್ತು. ಕೆಳಗೆ ಚಾಪೆ ಹಾಸಿತ್ತು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ, ನಾನೂ ಕೂರಲಿಲ್ಲ.

ಇದನ್ನೆಲ್ಲ ಎಬ್ಬಿಸಿದ್ದು ಒಂದು ಸ್ಟಾಂಪ್ ಪ್ಯಾಡಿನ ವಾಸನೆ. ಹೋದ ತಿಂಗಳು ಹಾಸನದಲ್ಲಿ ನೋಟರಿಯೊಬ್ಬರ ಕೋಣೆಯಲ್ಲಿ ನನ್ನ ನಿವೃತ್ತಿಯ ಕಾಗದಗಳನ್ನು ಹಿಡಿದು ಕಾಯುತ್ತಿದ್ದೆ. ನನಗಿಂತ ಮುಂದಿದ್ದ ಅಜ್ಜಿಯ ಹೆಬ್ಬೆಟ್ಟಿಗೆಂದು ಗುಮಾಸ್ತ ತಗಡಿನ ಡಬ್ಬಿಯ ಮುಚ್ಚಳ ತೆಗೆದ. ನೇರಳೆ ಶಾಯಿ, ಒದ್ದೆ ಬಟ್ಟೆ, ತುಸು ತುಕ್ಕು... ನಾನು ಎದ್ದು ಹೊರಗೆ ಬಂದೆ. ಸರದಿ ತಪ್ಪಿತು. ಹೊಳೆನರಸೀಪುರದ ಬಸ್ಸು ಹತ್ತಿ ಮನೆಗೆ ಬಂದೆ.

ಆ ಸಂಘದ ಕಾರ್ಯದರ್ಶಿ ನಿವೃತ್ತ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹೆಂಗಸರೆಲ್ಲ ಅವರನ್ನು ಟೀಚರಮ್ಮ ಎನ್ನುತ್ತಿದ್ದರು. ಕೆಲಸದಲ್ಲಿದ್ದಾಗಲೇ ಸಂಘ ಕಟ್ಟಿ, ಆಲೂಗೆಡ್ಡೆ ಹೊಲಕ್ಕೆ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಒಂದು ಶಿಶುವಿಹಾರ ನಡೆಸುತ್ತಿದ್ದರು. ಕುಳ್ಳಗಿನ ಮೈಕಟ್ಟು, ಮೂಗಿನ ತುದಿಗೆ ಜಾರಿದ ಕನ್ನಡಕ, ಎಡಗೈಗೆ ಗಂಡಸರ ವಾಚು. ಮಾತು ಕಡಿಮೆ. ನಡಾವಳಿ ಪುಸ್ತಕದ ವಿಷಯ ಬಂದರೆ ಮಾತ್ರ ಬಿಗಿಯಾಗುತ್ತಿದ್ದರು.

ಅವರ ಸಂಘದಲ್ಲಿ ಒಂದು ಕಟ್ಟಳೆಯಿತ್ತು. ಸಂಘದ ವಿಷಯವಿರುವ ಯಾವ ಕಾಗದವೇ ಆಗಲಿ, ಹೊರಗೆ ಹೋಗುವ ಮೊದಲು ಸಭೆಯಲ್ಲಿ ಪೂರ್ತಿ ಓದಬೇಕು. ಕೇಳಿದವರು, ಸರಿಯಿದ್ದರೆ, ನಡಾವಳಿ ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಬೇಕು. ಓದು ಬಂದವರೂ ಸಹಿ ಹಾಕುವಂತಿಲ್ಲ, ಹೆಬ್ಬೆಟ್ಟೇ. ಟೀಚರಮ್ಮನದೂ ಹೆಬ್ಬೆಟ್ಟೇ. ಬಂದವರಲ್ಲಿ ಒಬ್ಬರು ಒತ್ತದಿದ್ದರೂ ಆ ಪುಟ ಮುಗಿದಂತಲ್ಲ. ಮುಂದಿನ ಸಭೆಯಲ್ಲಿ ಅದನ್ನೇ ಮತ್ತೆ ಓದಬೇಕು. ಪ್ರತಿ ಪುಟದ ಕೊನೆಗೂ ಒಂದೇ ಸಾಲು: ಓದಿ ಹೇಳಲಾಯಿತು.

ನಾನು ಆಗ ಹೊಳೆನರಸೀಪುರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು. ಬಡ್ತಿಗೆ ಒಂದು ಲೇಖನ ಬೇಕಿತ್ತು, ಅದೂ ಪರಿಶೀಲಕರು ನೋಡಿ ಒಪ್ಪಿದ ಜರ್ನಲ್ಲಿನಲ್ಲಿ. ಸ್ವಯಂಸೇವಾ ಸಂಸ್ಥೆಗಳ ಬಗ್ಗೆ ಮಾತ್ರ ಲೇಖನ ಹಾಕುವ ಇಂಗ್ಲಿಷ್ ಜರ್ನಲ್ ಒಂದನ್ನು ಹುಡುಕಿಕೊಂಡೆ. ಅದರ ನಿಯಮಗಳನ್ನೇ ಓದಲು ಒಂದು ಭಾನುವಾರ ಹಿಡಿಯಿತು. ಬರೆದವನ ಹೆಸರು ಲೇಖನದೊಳಗೆ ಎಲ್ಲೂ ಕಾಣಬಾರದು. ಸಂಸ್ಥೆಯ ಹೆಸರು, ಊರಿನ ಹೆಸರು ತೆಗೆಯಬೇಕು. ಸಾರಾಂಶ ಇಷ್ಟೇ ಪದ, ಟಿಪ್ಪಣಿ ಹೀಗೇ ಇರಬೇಕು. ಎರಡು ವರ್ಷ ಬುಧವಾರ ಬುಧವಾರ ಅರಕಲಗೂಡಿಗೆ ಹೋಗಿ ಬಂದು ಲೇಖನ ಬರೆದೆ. ಕಳಿಸುವ ಮೊದಲು ಟೀಚರಮ್ಮ ಕಟ್ಟಳೆಯನ್ನು ನೆನಪಿಸಿದರು. ಇಂಗ್ಲಿಷಿನಲ್ಲಿದೆಯಲ್ಲ ಎಂದೆ. "ನಿಮಗೆ ಕನ್ನಡ ಬರುತ್ತಲ್ಲ ಮೇಷ್ಟ್ರೇ" ಎಂದರು.

ಎರಡು ಬುಧವಾರ ಕೂತು ಕನ್ನಡದಲ್ಲಿ ಓದಿದೆ. ಸಂಘವನ್ನು ನಾನು 'ಸಂಸ್ಥೆ ಎ' ಎಂದು ಕರೆದಿದ್ದೆ.

"ಯಾಕ್ ಸಾ, ನಮ್ ಸಂಗಕ್ಕೆ ಎಸ್ರಿಲ್ವಾ?" ಎಂದಳು ಮುಂದೆ ಕೂತಿದ್ದ ಒಬ್ಬಾಕೆ. "ದನದ ಕಿವಿಗೆ ನಂಬರ್ ಒಡ್ದಂಗೆ ಎ ಅಂತೆ, ಬಿ ಅಂತೆ."

"ಅದು ಜರ್ನಲ್ಲಿನ ನಿಯಮ" ಎಂದೆ.

"ಎಸ್ರು ಏಳ್ಬಾರ್ದು ಅಂದ್ರೆ ಅದು ಕಳ್ತನದ ಇಸ್ಯಾನೇ ಇರ್ಬೇಕು ಬುಡಿ."

ಎಲ್ಲರೂ ನಕ್ಕರು. ಟೀಚರಮ್ಮನೂ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಎರಡೋ ಮೂರೋ ಸಲ, ಅದರಲ್ಲಿ ಇದೊಂದು. ಹೆಂಗಸರು ಮೂರು ಕಡೆ ತಿದ್ದಿಸಿದರು. ಮೂರೂ ಕಡೆ ಅವರ ಮಾತೇ ಸರಿಯಿತ್ತು. ಆಮೇಲೆ ಹನ್ನೊಂದು ಹೆಂಗಸರು ಮತ್ತು ಟೀಚರಮ್ಮ, ಹನ್ನೆರಡು ಹೆಬ್ಬೆಟ್ಟು ಬಿದ್ದವು. ಆ ಪುಟವನ್ನು ಸ್ಕ್ಯಾನ್ ಮಾಡಿಸಿ, ಒಪ್ಪಿಗೆ ಪತ್ರವೆಂದು ಲೇಖನದ ಜೊತೆ ಕಳಿಸಿದೆ.

ಐದು ತಿಂಗಳ ಮೇಲೆ ಉತ್ತರ ಬಂತು. ಇಬ್ಬರು ಪರಿಶೀಲಕರು. ಮೊದಲನೆಯವರದು ನಾಲ್ಕು ಸಾಲು, ಮೆಚ್ಚುಗೆ. ಎರಡನೆಯವರದು ಎರಡು ಪುಟ. ಅದರ ತಿರುಳು ಇಷ್ಟು: ಇಷ್ಟು ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತೆಂಬ ಕಥೆಯನ್ನು ನಂಬುವುದು ಕಷ್ಟ, ಎಲ್ಲಿ ತಪ್ಪಿತು ತೋರಿಸಿ. ತಿದ್ದಿ ಕಳಿಸಲು ಆರು ವಾರ.

ಅರಕಲಗೂಡಿಗೆ ಹೋದೆ. ಟೀಚರಮ್ಮ ಬಸ್ ಸ್ಟಾಂಡಿನವರೆಗೆ ನನ್ನ ಜೊತೆ ಬಂದರು. ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತು, ಸಂಘದಿಂದ ಎಂದಾದರೂ ತಪ್ಪಾಗಿದೆಯೇ ಎಂದು ಕೇಳಿದೆ. ಒಂದು ಬಸ್ಸು ಬಂದು ಹೋಯಿತು.

"ಒಂದು ಇದೆ ಮೇಷ್ಟ್ರೇ. ಪುಸ್ತಕದಲ್ಲಿಲ್ಲ" ಎಂದರು.

ಹದಿನಾರು ವರ್ಷದ ಹಿಂದೆ, ಆಲೂಗೆಡ್ಡೆ ಕೀಳುವ ಕಾಲ. ಶಿಶುವಿಹಾರದ ತಪಾಸಣೆಗೆಂದು ಹಾಸನದಿಂದ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದಿದ್ದರು. ಪಕ್ಕದ ಮನೆಯಿಂದ ಕುರ್ಚಿ ತರಲು ಹಿಂದಿನ ಗೇಟು ತೆಗೆದವರು ಮುಚ್ಚಲಿಲ್ಲ. ತೆಗೆದವರು ಟೀಚರಮ್ಮನೇ. ಜೀಪು ಹೋದ ಮೇಲೆ ಎಣಿಸಿದರೆ ಒಂದು ಮಗು ಕಡಿಮೆ. ಮೂರು ವರ್ಷದ ಹೆಣ್ಣುಮಗು. ಟೀಚರಮ್ಮ ಮತ್ತು ಅಲ್ಲಿನ ಆಯಮ್ಮ, ಇಬ್ಬರೇ ಹುಡುಕಿದರು. ಸಿಕ್ಕಿದ್ದು ನಾಲೆಯ ಏರಿಯ ಮೇಲೆ, ಹೊಂಗೆ ಮರದ ಕೆಳಗೆ. ನೀರಿಗೆ ಕಲ್ಲು ಹಾಕುತ್ತ ಕೂತಿತ್ತಂತೆ. ಎತ್ತಿಕೊಂಡು ಬಂದರು. ಕಾಲಿನ ಕೆಸರು ತೊಳೆದರು. ಉಪ್ಪಿಟ್ಟು ತಿನ್ನಿಸಿದರು. ಸಂಜೆ ತಾಯಿ ಬಂದಾಗ ಮಗುವನ್ನು ಕೊಟ್ಟು ಕಳಿಸಿದರು. ಹೇಳಲಿಲ್ಲ. ಹೇಳಿದರೆ ಮಾರನೆಯ ದಿನ ಯಾರೂ ಮಕ್ಕಳನ್ನು ಬಿಡುವುದಿಲ್ಲ, ಬಾಗಿಲು ಮುಚ್ಚಬೇಕಾಗುತ್ತದೆ ಎಂಬ ಭಯ.

ಯಾರ ಮಗು ಎಂದು ಅವರು ಹೇಳಲಿಲ್ಲ. ಬರೆಯಿರಿ ಎಂದೂ ಹೇಳಲಿಲ್ಲ, ಬರೆಯಬೇಡಿ ಎಂದೂ ಹೇಳಲಿಲ್ಲ. ಇದನ್ನು ನಾನು ಎಷ್ಟೋ ಸಲ ಲೆಕ್ಕ ಹಾಕಿ ನೋಡಿದ್ದೇನೆ... ಓದಿ ಹೇಳುವಾಗ ಅಲ್ಲಿ ತೀರ್ಮಾನವಾಗಲಿ ಎಂದು ಅವರು ಬಿಟ್ಟಿದ್ದಿರಬೇಕು. ನಾನು ಓದಿ ಹೇಳಲಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ ಇತ್ತು, ಹೆಂಡತಿಗೆ ಜ್ವರ ಇತ್ತು, ಆರು ವಾರದಲ್ಲಿ ನಾಲ್ಕು ಕಳೆದಿದ್ದವು. ಒಂದು ಪ್ಯಾರಾ ಸೇರಿಸಿದೆ. ಜರ್ನಲ್ಲಿನ ವೆಬ್‌ಸೈಟಿನಲ್ಲಿ ಲೇಖನ ಕಳಿಸುವ ಪುಟದಲ್ಲಿ, ತಿದ್ದಿದ ಲೇಖನಕ್ಕೂ ಒಪ್ಪಿಗೆ ಇದೆಯೇ ಎಂಬ ಪ್ರಶ್ನೆಯ ಮುಂದೆ ಒಂದು ಚೌಕ. ಅದರಲ್ಲಿ ಗುರುತು ಹಾಕಿ, ಹಳೆಯ ಹೆಬ್ಬೆಟ್ಟಿನ ಪುಟವನ್ನೇ ಮತ್ತೆ ಲಗತ್ತಿಸಿದೆ. ಒಂದು ನಿಮಿಷದ ಕೆಲಸ.

ಲೇಖನ ಅಚ್ಚಾಯಿತು. ಬಡ್ತಿಯ ಕಡತಕ್ಕೆ ಸೇರಿತು. ಟೀಚರಮ್ಮನಿಗೆ ಒಂದು ಪ್ರತಿ ಅಂಚೆಯಲ್ಲಿ ಹೋಯಿತು. ವಾರದ ಮೇಲೆ ಅವರ ಫೋನು ಬಂತು. "ಬುಧವಾರ ಬನ್ನಿ. ಓದುತ್ತೇನೆ" ಎಂದರು.

ನಾನು ಹೋಗುವಷ್ಟರಲ್ಲಿ ಅವರು ಅರ್ಧ ಓದಿ ಮುಗಿಸಿದ್ದರು. ಅದಕ್ಕೇ ಬಾಗಿಲ ಹತ್ತಿರ ನಿಂತೆ. ಅದೇ ಹನ್ನೊಂದು ಜನ. ಟೀಚರಮ್ಮ ಇಂಗ್ಲಿಷಿನ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕನ್ನಡದಲ್ಲಿ ಹೇಳುತ್ತಿದ್ದರು. ಆ ಪ್ಯಾರಾ ಬಂತು. ಬಿಟ್ಟು ಮುಂದೆ ಹೋಗಬಹುದಿತ್ತು. ಇಂಗ್ಲಿಷ್ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಅವರು ಬಿಡಲಿಲ್ಲ. ಜೀಪು, ಕುರ್ಚಿ, ಗೇಟು, ನಾಲೆ. "ಮಗುವಿನ ಕಾಲು ತೊಳೆದು ತಾಯಿಗೆ ಒಪ್ಪಿಸಿದರು" ಎಂದು ಓದಿ, ಬೆರಳನ್ನು ಅಲ್ಲೇ ಇಟ್ಟು, ತಲೆಯೆತ್ತಿ ಮೂರನೆಯ ಸಾಲಿನಲ್ಲಿ ಕೂತಿದ್ದ ಒಬ್ಬಾಕೆಯನ್ನು ನೋಡಿದರು.

"ನಿನ್ನ ಮಗಳು ಕಣವ್ವ" ಎಂದರು.

ಆ ತಾಯಿ ಏನೂ ಅರ್ಥವಾಗದವಳಂತೆ ಪಕ್ಕದವಳನ್ನು ನೋಡಿದಳು. ಆಮೇಲೆ ನಿಧಾನವಾಗಿ, ತನಗೇ ಹೇಳಿಕೊಳ್ಳುವಂತೆ, "ಔದು... ಆವತ್ತು ಮಗೀನ ಕಾಲು ಸುದ್ದವಾಗಿತ್ತು. ಟೀಚರಮ್ಮ ಎಷ್ಟ್ ಚೆಂದಾಗಿ ನೋಡ್ಕತಾರೆ ಅಂತ ದಾರಿಯುದ್ದಕ್ಕೂ ಅಂದ್ಕಂಡ್ ಓಗಿದ್ದೆ" ಎಂದಳು.

ಆಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಟೀಚರಮ್ಮ ಮುಂದೆ ಓದಿದರು. ಕೊನೆಯ ಪುಟದ ಕೊನೆಯ ಸಾಲನ್ನೂ ಓದಿದರು: ಅಧ್ಯಯನದಲ್ಲಿ ಭಾಗವಹಿಸಿದ ಎಲ್ಲರ ಒಪ್ಪಿಗೆ ಪಡೆಯಲಾಗಿದೆ.

"ನಂದು ಯಾವಾಗ ತಕ್ಕಂಡ್ರಿ ಸಾ?" ತಾಯಿ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕೇಳುತ್ತಿದ್ದಳು ಅಷ್ಟೇ.

ಹಳೆಯ ಪುಟವನ್ನೇ ಕಳಿಸಿದೆ ಎಂದೆ.

"ಕೇಳ್ದೇ ಇರೋ ಮಾತ್ಗೆ ನನ್ ಎಬ್ಬೆಟ್ಟು ಅಂಟುಸ್ಬುಟ್ರಾ?"

"ಅವ್ರನ್ನೇನು ಕೇಳ್ತೀಯ" ಎಂದರು ಟೀಚರಮ್ಮ. "ಹದಿನಾರು ವರ್ಷ ನಾನೇ ಹೇಳ್ಲಿಲ್ಲ ನಿನಗೆ."

ಆಮೇಲೆ ಅವರು ನಡಾವಳಿ ಪುಸ್ತಕ ತೆಗೆದರು. ದಿನಾಂಕ, ವಿಷಯ, ಹನ್ನೆರಡು ಹೆಸರು ಬರೆದರು. ಕೊನೆಗೆ, ಓದಿ ಹೇಳಲಾಯಿತು. ತಮ್ಮ ಹೆಬ್ಬೆಟ್ಟನ್ನು ಮೊದಲು ಒತ್ತಿ ಪ್ಯಾಡನ್ನು ಚಾಪೆಯ ಮೇಲೆ ಸರಿಸಿದರು. ಒಬ್ಬೊಬ್ಬರಾಗಿ ಹತ್ತು ಜನ ಒತ್ತಿದರು. ಪ್ಯಾಡು ತಾಯಿಯ ಹತ್ತಿರ ಬಂತು. ಆಕೆ ಹೆಬ್ಬೆರಳನ್ನು ಶಾಯಿಗೆ ತಾಗಿಸಿದಳು. ಪುಟದ ಮೇಲೆ ಹಿಡಿದಳು. ಹಾಗೇ ಹಿಡಿದುಕೊಂಡಿದ್ದಳು.

"ಸರಿ ಐತೆ ಅಂತ ಎಂಗೆ ಒತ್ಲಿ ಟೀಚರಮ್ಮ? ಆವತ್ತು ನಾನು ಅಲ್ಲಿರ್ನಿಲ್ವಲ್ಲ" ಎಂದಳು. ಬೆರಳನ್ನು ತನ್ನ ಸೀರೆಗೇ ಒರೆಸಿಕೊಂಡು ಪ್ಯಾಡಿನ ಮುಚ್ಚಳ ಹಾಕಿದಳು.

ಮುಚ್ಚಳದ ಆ ಸಣ್ಣ ಸದ್ದು ನನಗೆ ಈಗಲೂ ಕೇಳುತ್ತದೆ.

ಕಟ್ಟಳೆಯಂತೆ ಮುಂದಿನ ಸಭೆಯಲ್ಲಿ ಟೀಚರಮ್ಮ ಅದನ್ನು ಮತ್ತೆ ಪೂರ್ತಿ ಓದಿದರಂತೆ. ಅದರ ಮುಂದಿನ ಸಭೆಯಲ್ಲೂ. ಒಟ್ಟು ಐದು ಸಲ. ಪ್ರತಿ ಸಲವೂ ತಾಯಿ ಬಂದು ಕೂತು ಕೇಳಿ, ಒತ್ತದೆ ಎದ್ದುಹೋದಳು. ನಾನು ಹೋಗಲಿಲ್ಲ. ಆ ಪ್ಯಾರಾಕ್ಕೆ ಒಪ್ಪಿಗೆ ಪಡೆದಿರಲಿಲ್ಲ ಎಂದು ಜರ್ನಲ್ಲಿಗೆ ಒಂದು ತಿದ್ದುಪಡಿ ಪತ್ರ ಬರೆದು, ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೆ. ಬಡ್ತಿಯ ಆದೇಶ ಬರಲಿ ಎಂದು ಕಾದೆ. ಆದೇಶ ಬಂದ ಮೇಲೂ ಕಳಿಸಲಿಲ್ಲ. ಅಷ್ಟರಲ್ಲಿ ಲಾಕ್‌ಡೌನ್ ಬಂತು, ಸಭೆಗಳು ನಿಂತವು. ಆ ಬೇಸಿಗೆಯಲ್ಲೇ ಟೀಚರಮ್ಮ ಮಲಗಿದವರು ಏಳಲಿಲ್ಲ. ನನಗೆ ಸುದ್ದಿ ಮುಟ್ಟಿದ್ದು ಮೂರನೆಯ ದಿನ. ಹೋಗಲು ಬಸ್ಸಿರಲಿಲ್ಲ. ಬಸ್ಸಿದ್ದರೂ ಹೋಗುತ್ತಿದ್ದೆನೇ... ಗೊತ್ತಿಲ್ಲ.

ಈಗ ಅದೇ ಜರ್ನಲ್ ಬೇರೆಯವರ ಲೇಖನಗಳನ್ನು ಪರಿಶೀಲನೆಗೆಂದು ನನಗೆ ಕಳಿಸುತ್ತದೆ. ಎಲ್ಲರ ಒಪ್ಪಿಗೆ ಪಡೆಯಲಾಗಿದೆ ಎಂಬ ಸಾಲು ಎಲ್ಲದರಲ್ಲೂ ಇರುತ್ತದೆ. ಅಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ ಎದ್ದು ನೀರು ಕುಡಿಯುತ್ತೇನೆ. ತಿದ್ದುಪಡಿ ಪತ್ರವನ್ನು ನೋಟರಿಯ ಕೋಣೆಯಿಂದ ಎದ್ದು ಬಂದ ದಿನ ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ.

ಮರುವಾರ ಅರಕಲಗೂಡಿಗೆ ಹೋದೆ. ಸಂಘಕ್ಕೆ ಈಗ ಆ ತಾಯಿಯೇ ಕಾರ್ಯದರ್ಶಿ. ನಡಾವಳಿ ಪುಸ್ತಕ ಆಕೆಯ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಕೇಳುವ ಮೊದಲೇ ಆ ಪುಟ ತೆಗೆದು ತೋರಿಸಿದಳು. ಹನ್ನೊಂದು ನೇರಳೆ ಹೆಬ್ಬೆಟ್ಟು. ಅವಳ ಹೆಸರಿನ ಮುಂದೆ ಖಾಲಿ.

"ಟೀಚರಮ್ಮ ಇನ್ನೊಂದ್ ಸಲ ಓದಿದ್ರೆ ಒತ್ತಾನ ಅಂತಿದ್ದೆ ಸಾ" ಎಂದಳು. ಪುಸ್ತಕವನ್ನು ಮುಚ್ಚಿ ಬಟ್ಟೆಯಲ್ಲಿ ಸುತ್ತಿದಳು.

ಈ ಬರಹವನ್ನು, ಅಲ್ಲಿಯವರೆಗೆ ಬರೆದಷ್ಟನ್ನು, ಅಲ್ಲೇ ಅವಳ ಜಗುಲಿಯ ಮೇಲೆ ಕೂತು ಓದಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು, ಬರೆದದ್ದನ್ನು ಬೇಡ ಎನ್ನಲಿಲ್ಲ. ಮಗಳಿಗೆ ತಾನೇ ಹೇಳಿದ್ದೇನೆ ಎಂದಷ್ಟೇ ಹೇಳಿದಳು. ಆಮೇಲೆ ಚನ್ನರಾಯಪಟ್ಟಣಕ್ಕೆ ಹೋಗಿ ಆಯಮ್ಮನಿಗೂ ಓದಿದೆ. ಅವರಿಗೆ ಈಗ ಕಣ್ಣು ಮಂಜು. ಅವರು ಒಂದನ್ನು ಸೇರಿಸಲು ಹೇಳಿದರು: ಮಗುವನ್ನು ನಾಲೆಯಿಂದ ಎತ್ತಿಕೊಂಡು ಬಂದದ್ದು ಟೀಚರಮ್ಮ, ದಾರಿಯುದ್ದಕ್ಕೂ ಅಳುತ್ತಿದ್ದದ್ದು ಮಗುವಲ್ಲ. ಸೇರಿಸಿದ್ದೇನೆ.

ಆ ಬುಧವಾರ ಹಜಾರದಲ್ಲಿದ್ದ ಹನ್ನೊಂದು ಹೆಂಗಸರಲ್ಲಿ ಮೂವರು ತೀರಿಕೊಂಡಿದ್ದಾರೆ. ಆರು ಜನ ಅರಕಲಗೂಡಿನ ಸುತ್ತಲೇ ಇದ್ದಾರೆ. ದನದ ಕಿವಿಯ ಮಾತಾಡಿ ನಗಿಸಿದವಳು ಆ ಆರರಲ್ಲಿ ಒಬ್ಬಳು. ಆಯಮ್ಮ ಚನ್ನರಾಯಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದಾರೆ. ಆ ತಾಯಿ ಇದ್ದಾಳೆ. ಮತ್ತೆ ನಾನು, ಬಾಗಿಲಿನ ಒಳಗೆ, ಎಡಗಡೆ, ನೀಲಿ ಡ್ರಮ್ಮಿನ ಪಕ್ಕ.