ಥಾಯ್ ಕುರ್ಚಿಯೂ ಭಾವನ ಮೀಸೆಯೂ

ದಿನವಿಡೀ ಊರವರನ್ನೆಲ್ಲ ಕುರ್ಚಿಯಲ್ಲಿ ಕೂರಿಸಿ ತಾನು ಮಾತ್ರ ನಿಂತೇ ಇರುವ ಕ್ಷೌರಿಕನಿಗೆ ಕುರ್ಚಿಯ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಅವೆಂಥ ಕುರ್ಚಿಗಳು! ಎಲ್ಲವೂ ಪೋಸ್ಟ್‌ಮಾಡರ್ನ್ ಅಂತೆ. ಒಂದು ಕೆಂಪು ತುಟಿಯ ಹಾಗೆ, ಇನ್ನೊಂದು ಮಕ್ಕಳು ಪೇರಿಸಿಟ್ಟ ಬಣ್ಣದ ಚೆಂಡುಗಳ ಹಾಗೆ. ಮತ್ತೊಂದರ ಬೆನ್ನು ಯಾವುದು, ಕಾಲು ಯಾವುದು ಎಂಬುದು ಮಾಡಿದವನಿಗೂ ಗೊತ್ತಿರಲಿಕ್ಕಿಲ್ಲ. ಹಜಾರದಲ್ಲಿ ಜಾಗವಿಲ್ಲದೆ ಹೆಂಡತಿ ಏಡಿಯಂತೆ ಅಡ್ಡಡ್ಡ ನಡೆಯುವುದನ್ನು ಕಲಿತಿದ್ದಳು.

ಅಂಗಡಿಗೆ ರಜೆಯಿದ್ದ ದಿನ ಥಾಯ್ಲೆಂಡಿನ ವಿನ್ಯಾಸಕಾರರೊಬ್ಬರ ಬೆತ್ತದ ಒರಗುಕುರ್ಚಿ ಮನೆಗೆ ಬಂತು. ದೋಣಿಯಷ್ಟು ಉದ್ದ, ನೆಲಕ್ಕೆ ತಾಗುವಷ್ಟು ತಗ್ಗು. ಕ್ಷೌರಿಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮೊದಲು ಕೂರುವ ಮರ್ಯಾದೆ ಹೆಂಡತಿಯ ಅಣ್ಣನಿಗೆ ಸಿಕ್ಕಿತು. ಭಾವ ತನ್ನ ಹುರಿಮೀಸೆ ತಿರುವುತ್ತಾ ಕೂತ, ಒರಗಿದ, ಕಣ್ಣು ಮುಚ್ಚಿದ.

ಕ್ಷೌರಿಕ ಖುಷಿಯಲ್ಲಿ ಕುರ್ಚಿಯನ್ನು ಸುತ್ತಿದ್ದೇ ಸುತ್ತಿದ್ದು. ಬಾಯಿ ಬೆತ್ತದ ಹೆಣಿಗೆಯನ್ನು ಹೊಗಳುತ್ತಿದ್ದರೆ, ಒರಗಿದ ತಲೆ ಕಂಡ ಕೈ ಸುಮ್ಮನಿರಬೇಕಲ್ಲ! ಗೂಟಕ್ಕೆ ತೂಗುಹಾಕಿದ್ದ ಕೆಲಸದ ಚೀಲಕ್ಕೆ ಇಳಿದು, ಭಾವನ ಕೊರಳಿಗೆ ಟವೆಲ್ ಹೊದಿಸಿ, ನೊರೆ ಹಚ್ಚಿ, ತನ್ನ ಪಾಡಿಗೆ ತಾನು ಕತ್ತಿ ಆಡಿಸಿತು.

"ಅಯ್ಯಯ್ಯೋ, ಅಣ್ಣನ ಮೀಸೆ!" ಎಂದು ಹೆಂಡತಿ ಕಿರುಚಿಕೊಂಡಳು.

ಎಡಗಡೆಯದು ಆಗಲೇ ನುಣ್ಣಗಾಗಿತ್ತು. ಕ್ಷೌರಿಕ ಕತ್ತಿಯನ್ನು ಬೆನ್ನ ಹಿಂದೆ ಬಚ್ಚಿಟ್ಟ. "ತಪ್ಪಾಯ್ತು ಭಾವ! ಏಳಿ, ಕನ್ನಡೀಲಿ ನೋಡ್ಕೊಳ್ಳಿ..."

ಭಾವ ಬೋಳಾದ ತುಟಿಯನ್ನು ಒಮ್ಮೆ ಸವರಿಕೊಂಡು, ಕಣ್ಣು ತೆರೆಯದೆಯೇ ಕುರ್ಚಿಯೊಳಕ್ಕೆ ಇನ್ನಷ್ಟು ಜಾರಿದ.

"ಇನ್ನರ್ಧಾನೂ ತೆಗೆದುಬಿಡಪ್ಪಾ. ಏಳಿ ಅಂತ ಮಾತ್ರ ಅನ್ಬೇಡ."