ಮೋಟೆಬೆನ್ನೂರಿನ ಕಣ್ಣು

ನಾನು ಬಸ್ಸು ಹತ್ತಿದ ಕೂಡಲೇ ಮೂವರು ಹುಡುಗಿಯರು ಸೀನುತ್ತಿದ್ದರು. ಒಬ್ಬಳು ಶುರು ಮಾಡಿದರೆ ಉಳಿದಿಬ್ಬರು ಮೂಗಿಗೆ ಕರವಸ್ತ್ರ ಹಿಡಿದು ಮುಂದುವರಿಸುವರು. "ಬಂತ ನೋಡ್ರಿ ಘಾಟ" ಎನ್ನುವರು. ಎಂಬತ್ತರ ದಶಕದ ಕೊನೆಯಲ್ಲಿ, ಬ್ಯಾಡಗಿಯಿಂದ ಹಾವೇರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ಹೆಸರೇ ಘಾಟ ಎಂದಾಗಿತ್ತು.

ಅವ್ವ ಮನೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ವ್ಯಾಪಾರಸ್ಥರ ಅಂಗಡಿಯಿಂದ ಚೀಲಗಳು ಬರುತ್ತಿದ್ದವು. ಪಡಸಾಲೆಯ ತುಂಬ ಕೆಂಪು ರಾಶಿ, ಅದೇ ಪಡಸಾಲೆಯ ಗೂಟಕ್ಕೆ ನನ್ನ ಯೂನಿಫಾರ್ಮ್. ವಾಸನೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಸೀನುತ್ತಿದ್ದ ಮೂವರೂ ಮೆಣಸಿನಕಾಯಿ ವ್ಯಾಪಾರಸ್ಥರ ಮಕ್ಕಳೇ. ಅವರ ಮನೆಗಳ ಮೇಲೆ ಮಹಡಿ ಎದ್ದದ್ದು ಅದೇ ಕಾಯಿಯಿಂದ. ಕಾಯಿ ಮಾರಿದವರಿಗೆ ವಾಸನೆಯಿಲ್ಲ, ತೊಟ್ಟು ಬಿಡಿಸಿದವರಿಗೆ ಮಾತ್ರ ಇದೆ ಎಂಬ ಈ ನ್ಯಾಯ ನೆನೆದರೆ ಈಗ ಮೈ ಉರಿಯುತ್ತದೆ. ಆಗ ಉರಿಯುತ್ತಿರಲಿಲ್ಲ. ಆಗ ಏನೂ ಆಗುತ್ತಿರಲಿಲ್ಲ.

ಸೀಟು ಖಾಲಿಯಿದ್ದರೂ ತಮ್ಮ ಚೀಲ ಇಟ್ಟು ಹಿಡಿಯುವರು. ನಾನು ಕಂಬಿ ಹಿಡಿದು ನಿಲ್ಲುತ್ತಿದ್ದೆ. ಜಡೆ ಎಳೆಯುವರು. ನನ್ನ ಬುತ್ತಿ ಡಬ್ಬಿ ತೆಗೆದು ರೊಟ್ಟಿಯ ಮೇಲಿನ ಕೆಂಪು ಚಟ್ನಿಯನ್ನು ಬಸ್ಸಿಗೆಲ್ಲ ತೋರಿಸುವರು. "ಏಯ್ ಹುಡುಗ್ಯಾರ, ಸುಮ್ನ ಕುಂದರ್ರಿ" ಎಂದು ಕಂಡಕ್ಟರ್ ಗದರಿಸುತ್ತಿದ್ದ, ನನ್ನನ್ನೂ ಸೇರಿಸಿ. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ತೊಟ್ಟು ಬಿಡಿಸುವಾಗಲೂ ಹೀಗೆಯೇ. ಮೊದಲ ವಾರ ಬೆರಳು ಉರಿಯುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿದರೂ ನಿದ್ದೆ ಬರುವುದಿಲ್ಲ. ಸುಗ್ಗಿ ಸಾಗಿದಂತೆ ಉರಿ ಹೋಗುತ್ತದೆ, ಬೆರಳು ಮತ್ತಾರದೋ ಎನಿಸುತ್ತದೆ. ನಾನು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಹೊಲ ನೋಡುತ್ತಿದ್ದೆ. ಯಾವ ಬೆಳೆ ಇತ್ತು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮನೆಯಲ್ಲಿ ಹೇಳಬಹುದಿತ್ತಲ್ಲ ಎಂದು ಈಗ ನನ್ನ ಮಗಳು ಕೇಳುತ್ತಾಳೆ. ಹೇಳಿದ್ದರೆ ಶಾಲೆಯೇ ತಪ್ಪುತ್ತಿತ್ತು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಪ್ಪ, ಮಗಳು ಹುಡುಗರ ಜೊತೆ ಕೂತು ಓದುವುದು ಬೇಡವೆಂದೇ ನನ್ನನ್ನು ಹಾವೇರಿಯ ಹೆಣ್ಣುಮಕ್ಕಳ ಹೈಸ್ಕೂಲಿಗೆ ಹಾಕಿದ್ದ. ಬಸ್ ಪಾಸು ಕೈಗೆ ಕೊಟ್ಟ ದಿನವೇ ಹೇಳಿದ್ದ: "ಬಸ್ಸಿನ್ಯಾಗ ಯಾರರ ಏನರ ಅಂದ್ರ ನನಗ ಹೇಳವಾ. ಮರುದಿನಾನ ಸಾಲಿ ಬಿಡಿಸಿಬಿಡ್ತೇನಿ." ಅದು ಅವನ ಪ್ರೀತಿ. ಚಿಕ್ಕಪ್ಪನ ಮಗಳಿಗೆ ಹಾಗೆಯೇ ಆಗಿತ್ತು. ಬಸ್ಸಿನಲ್ಲಿ ಯಾವನೋ ಅವಳತ್ತ ಚೀಟಿ ಎಸೆದನೆಂದು ಒಂಬತ್ತನೆಯ ತರಗತಿಗೇ ಓದು ಮುಗಿಸಿ, ನಮ್ಮ ಪಡಸಾಲೆಯಲ್ಲಿ ಅವ್ವನ ಪಕ್ಕ ಕುಳಿತು ತೊಟ್ಟು ಬಿಡಿಸುತ್ತಿದ್ದಳು. ಸಂಜೆ ಶಾಲೆಯಿಂದ ಬಂದು ನಾನು ಮೊದಲು ನೋಡುತ್ತಿದ್ದದ್ದು ಅವಳ ಕೈಯನ್ನು.

"ಹುಡುಗರು ಏನರ ತ್ರಾಸ ಕೊಡ್ತಾರೇನು?" ಎಂದು ಅಪ್ಪ ಆಗಾಗ ಕೇಳುತ್ತಿದ್ದ. "ಇಲ್ಲಪಾ" ಎನ್ನುತ್ತಿದ್ದೆ. ಸುಳ್ಳೇನಲ್ಲ. ಹುಡುಗಿಯರ ಬಗ್ಗೆ ಅವನು ಕೇಳಲೇ ಇಲ್ಲ.

ನನ್ನ ಊಟ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು. ಹುಡುಗಿ ಹಾವೇರಿಗೆ ಹೋಗಿ ಓದುತ್ತಾಳೆಂದು ಓಣಿಯ ಕಣ್ಣು ಬಿದ್ದಿದೆ ಎಂದು ಅವ್ವ ತೀರ್ಮಾನಿಸಿದಳು. ದೀಪ ಹಚ್ಚಿದ ಮೇಲೆ ನನ್ನನ್ನು ಕೂರಿಸಿ, ಉಪ್ಪು ಮತ್ತು ಒಣ ಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ತಲೆಯಿಂದ ಕಾಲಿನವರೆಗೆ ಇಳಿಸಿ ಒಲೆಗೆ ಹಾಕುವಳು. "ಊರ ಕಣ್ಣ, ಕೇರಿ ಕಣ್ಣ, ಹಾದಿ ಕಣ್ಣ, ಬೀದಿ ಕಣ್ಣ." ಘಾಟು ಎದ್ದು ಎಲ್ಲರೂ ಕೆಮ್ಮಿದರೆ ದೃಷ್ಟಿ ಇಲ್ಲವೆಂದು ಅರ್ಥ. ಏಳದಿದ್ದರೆ ದೃಷ್ಟಿ ಬಲವಾಗಿ ಹತ್ತಿದೆ ಎಂದು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನಮ್ಮೂರ ಕೂಸಿಗೂ ಗೊತ್ತು. ಅದನ್ನೇ ಸುಟ್ಟು ಘಾಟಿಗಾಗಿ ಕಾಯುತ್ತ ಕುಳಿತರೆ ಊರಿಗೆ ಊರೇ ದೃಷ್ಟಿ ತಗುಲಿದವರೇ. ದೇವರ ಕೆಲಸದಲ್ಲಿ ಇಂಥ ಲೆಕ್ಕ ಯಾರಿಗೂ ಹೊಳೆಯುವುದಿಲ್ಲ.

ಆ ಸುಗ್ಗಿಯಲ್ಲಿ ಎಷ್ಟು ಸಲ ಸುಟ್ಟರೂ ಹೇಳಿಕೊಳ್ಳುವಂಥ ಘಾಟು ಏಳಲಿಲ್ಲ. ಕೊನೆಗೆ ಅಪ್ಪನಿಗೆ ಹೆದರಿಕೆ ಹತ್ತಿತು. "ಈ ಅಮಾಸಿಗಿ ಇನ್ನೊಮ್ಮಿ ನೋಡೂಣು. ಆಗೂ ಹಿಂಗ ಆದ್ರ ಹುಡುಗಿ ಮನ್ಯಾಗ ಇರ್ಲಿ. ಜೀವಕ್ಕಿಂತ ಸಾಲಿ ದೊಡ್ಡದೇನು?"

ಬಸ್ಸಿನಲ್ಲಿ ಘಾಟು ಹೆಚ್ಚಾಯಿತೆಂದು ಸೀನುತ್ತಿದ್ದರು, ಮನೆಯಲ್ಲಿ ಘಾಟು ಸಾಲದೆಂದು ಶಾಲೆ ಬಿಡಿಸಲು ಹೊರಟಿದ್ದರು. ಇದಕ್ಕೆ ನಗಬೇಕೋ ಅಳಬೇಕೋ ಎಂದು ಯೋಚಿಸುವ ಶಕ್ತಿಯೂ ನನ್ನಲ್ಲಿರಲಿಲ್ಲ.

ಅದೇ ವಾರ, ಹೈವೇ ಸೇರುವ ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಾಗ, ಆ ಮೂವರು ನನ್ನ ಪುಸ್ತಕದ ಚೀಲವನ್ನು ಕಿಟಕಿಯಿಂದ ಹೊರಗೆ ಎಸೆದರು. ತರಲು ಇಳಿದೆ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ಅವರು ಕೈ ಬೀಸುತ್ತಿದ್ದದ್ದು ಕಂಡಿತು. ನಾನು ಪುಸ್ತಕಗಳ ಮಣ್ಣು ಒರೆಸಿ ಚಹಾದಂಗಡಿಯ ಪಕ್ಕದ ಕಲ್ಲಿನ ಮೇಲೆ ಕುಳಿತೆ. ಲಾರಿಗಳು ಹೋಗುತ್ತಿದ್ದವು. ಹಾವೇರಿಯ ಮುಂದಿನ ಬಸ್ಸು ಬಂತು, ಹತ್ತಲಿಲ್ಲ. ಅದರ ಮುಂದಿನದೂ ಬಂದು ಹೋಯಿತು. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಬುತ್ತಿ ಬಿಚ್ಚಿ ಉಂಡೆ. ಸಂಜೆ ಶಾಲೆ ಬಿಡುವ ಹೊತ್ತಿಗೆ ಊರಿನ ಬಸ್ಸು ಹತ್ತಿ, ಎಂದಿನಂತೆ ಮನೆಗೆ ಬಂದೆ.

ಚೀಲ ಬಿದ್ದದ್ದನ್ನೂ ಕಿಟಕಿಯಲ್ಲಿ ಹುಡುಗಿಯರು ಮೂಗು ಹಿಡಿದು ನಕ್ಕದ್ದನ್ನೂ ನಾನು ಇಳಿದದ್ದನ್ನೂ ನಮ್ಮ ಓಣಿಯ ಹಮಾಲನೊಬ್ಬ ಲಾರಿಯ ಮೇಲೆ ಹಾದುಹೋಗುವಾಗ ನೋಡಿ, ಅವ್ವನಿಗೆ ಹೇಳಿದ್ದನಂತೆ; ನನಗದು ತಿಳಿದದ್ದು ಬಹಳ ಕಾಲದ ಮೇಲೆ. ಅವ್ವ ನನ್ನನ್ನು ಏನೂ ಕೇಳಲಿಲ್ಲ. ಅಪ್ಪನಿಗೂ ಏನೂ ಹೇಳಲಿಲ್ಲ. ಮರುದಿನದಿಂದ ನನ್ನ ಯೂನಿಫಾರ್ಮ್ ಮಾತ್ರ ಗೂಟದಿಂದ ಟ್ರಂಕಿಗೆ ಹೋಯಿತು. ಅದರಿಂದ ಸೀನೇನೂ ನಿಲ್ಲಲಿಲ್ಲ. ಆ ಮೂವರು ಹತ್ತನೆಯ ತರಗತಿ ಮುಗಿಸಿ ಹೋಗುವವರೆಗೂ ನಿಲ್ಲಲಿಲ್ಲ. ಯಾರಾದರೂ ಬಂದು ನನ್ನನ್ನು ಕಾಪಾಡುತ್ತಾರೆಂದು ಓದುವವರು ಕಾಯಬಾರದು, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಅಮಾವಾಸ್ಯೆಯ ಸಂಜೆ ಅಪ್ಪ ಅಂಗಡಿಯಿಂದ ಬೇಗ ಬಂದು ಪಡಸಾಲೆಯಲ್ಲಿ ಕುಳಿತ. ಅವ್ವ ನನ್ನನ್ನು ಒಲೆಯ ಮುಂದೆ ಕೂರಿಸಿ, ಸೆರಗಿನ ಗಂಟು ಬಿಚ್ಚಿ ಮೆಣಸಿನಕಾಯಿ ತೆಗೆದಳು. ಸುಕ್ಕುಗಟ್ಟಿದ ನಮ್ಮೂರ ಕಾಯಿ ಅಲ್ಲ. ನುಣ್ಣಗಿನ, ಮಿರುಗುವ ಗುಂಟೂರು ಕಾಯಿ. ಖಾರವೆಂದರೆ ಅದರದು. ಬ್ಯಾಡಗಿಯಲ್ಲಿದ್ದು ಗುಂಟೂರು ಕಾಯಿ ಕೊಂಡರೆ ಜನ ನಕ್ಕಾರು. ಅವ್ವ ಕೊಂಡು ತಂದಿದ್ದಳು.

"ಊರ ಕಣ್ಣ, ಕೇರಿ ಕಣ್ಣ, ಹಾದಿ ಕಣ್ಣ, ಬೀದಿ ಕಣ್ಣ" ಎಂದು ಇಳಿಸಿ, ಒಂದು ಕ್ಷಣ ತಡೆದು, "ಮೋಟೆಬೆನ್ನೂರ ಕಣ್ಣ" ಎಂದಳು.

ನಾನು ತಲೆಯೆತ್ತಿ ಅವಳ ಮುಖ ನೋಡಿದೆ. ಅವ್ವನಿಗೆ ಎಲ್ಲ ಗೊತ್ತು.

"ಮೋಟೆಬೆನ್ನೂರಾಗ ಯಾರ ಕಣ್ಣ?" ಎಂದ ಅಪ್ಪ.

"ಬಸ್ಸ ಹೋಗೂ ಊರೆಲ್ಲಾ ಹೇಳ್ಬೇಕ್ರಿ. ನೀವ ಸುಮ್ನ ಕುಂದರ್ರಿ" ಎಂದು ಅವ್ವ ಮುಷ್ಟಿಯಲ್ಲಿದ್ದುದನ್ನೆಲ್ಲ ಒಲೆಗೆ ಹಾಕಿದಳು.

ಘಾಟು ಮನೆ ತುಂಬಿತು. ಅಪ್ಪ ಕೆಮ್ಮುತ್ತ ಅಂಗಳಕ್ಕೆ ಓಡಿದ. ಅಲ್ಲಿಂದಲೇ ಖುಷಿಯಿಂದ ಕೂಗಿದ: "ಹೋತ ನೋಡ, ದೃಷ್ಟಿ ಪೂರಾ ಹೋತು! ನಾಳಿ ಹೋಗ್ಲಿ ಸಾಲಿಗಿ!"

ನನ್ನ ಕಣ್ಣು, ಮೂಗು ಎಲ್ಲ ಸುರಿಯತೊಡಗಿದವು. ತಿಂಗಳುಗಟ್ಟಲೆ ಬಾರದ ಅಳು ಹೊಗೆಯ ಜೊತೆಗೇ ಬಂತು. ಎದ್ದು ಹೊರಗೆ ಹೋಗಲು ನೋಡಿದೆ. ಅವ್ವ ಭುಜ ಹಿಡಿದು ಕೂರಿಸಿದಳು. ತಾನೂ ಕೆಮ್ಮುತ್ತ, ಸೆರಗಿನಿಂದ ನನ್ನ ಮುಖ ಒರೆಸುತ್ತ, ಕಿವಿಯಲ್ಲಿ ಹೇಳಿದಳು:

"ಕೆಮ್ಮವಾ. ಇನ್ನಷ್ಟ ಜೋರ ಕೆಮ್ಮ. ನಿಮ್ಮಪ್ಪಗ ಕೇಳಬೇಕು."